ಬಿಸಿಲು ನೆತ್ತಿಗೆ ಬಂದಾಗಲೇ ಸೋಲಾರ್ ನಿಲ್ಲುವುದೇಕೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಅಡಿಕೆ ತೋಟ, ತೋಟದ ತಲೆಯಲ್ಲಿ ಮನೆ. ಹಳೆಯ ಭಾಗಕ್ಕೆ ಮಂಗಳೂರು ಹಂಚು, ಹಿಂದುಗಡೆ ಕಟ್ಟಿಸಿದ ಎರಡು ಕೋಣೆಗಳಿಗೆ ಆರ್‌ಸಿಸಿ. ಟಿಸಿ (ಟ್ರಾನ್ಸ್‌ಫಾರ್ಮರ್) ಇರುವುದು ಗದ್ದೆಯಾಚೆ, ಸುಮಾರು 800 ಮೀಟರ್ ದೂರದಲ್ಲಿ. ಲೈನು ನಮ್ಮ ಮನೆಗೇ ಮುಗಿಯುತ್ತದೆ. ಮನೆಗೆ ಸಿಂಗಲ್ ಫೇಸ್. ತೋಟದ ಪಂಪಿಗೆ ಮೂರು ಫೇಸ್ ಇದೆ, ಆದರೆ ದಿನಕ್ಕೆ ಕೆಲವೇ ಗಂಟೆ. ಮಳೆಗಾಲದಲ್ಲಿ ಮಗ ಬೆಂಗಳೂರಿನಿಂದ ಬಂದು ಇಲ್ಲಿಂದಲೇ ಕೆಲಸ ಮಾಡುತ್ತಾನೆ. ಮರ ಬಿದ್ದು ಕರೆಂಟು ಹೋದರೆ ಎರಡು ಮೂರು ದಿನ ಬರುವುದಿಲ್ಲ. ಸೋಲಾರ್ ಬಗ್ಗೆ ವಿಚಾರಿಸಿದಾಗ ಏಜೆನ್ಸಿಯವರೊಬ್ಬರು 5 ಕಿಲೋವ್ಯಾಟ್ ಹಾಕಿಸಿ, ಸಬ್ಸಿಡಿಯೂ ಬರುತ್ತದೆ, ಕರೆಂಟಿನ ಚಿಂತೆಯೇ ಇರುವುದಿಲ್ಲ ಎಂದರು. ಆದರೆ ಇದೇ ಲೈನಿನಲ್ಲಿ, ಟಿಸಿಯಿಂದ 600 ಮೀಟರ್ ದೂರವಿರುವ ನಮ್ಮ ದಾಯಾದಿಗಳ ಮನೆಯಲ್ಲಿ 3 ಕಿಲೋವ್ಯಾಟ್ ಹಾಕಿಸಿದ್ದಾರೆ. ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನ ಅವರ ಇನ್ವರ್ಟರ್ (ಫಲಕಗಳ ಕರೆಂಟನ್ನು ಮನೆಯ ಕರೆಂಟಾಗಿಸುವ ಪೆಟ್ಟಿಗೆ) ತಾನಾಗಿ ಆಫ್ ಆಗುತ್ತದೆ, ಮತ್ತೆ ಆನ್ ಆಗುತ್ತದೆ. ಊರಿಗೆ ಕರೆಂಟು ಹೋದರೆ ಅವರ ಮನೆಯೂ ಕತ್ತಲೆ. 'ಒಂದು ಸೆಟ್ಟಿಂಗ್ ಬದಲಿಸಿದರೆ ಸರಿಹೋಗುತ್ತದೆ' ಎನ್ನುತ್ತಾರೆ ಹಾಕಿದವರು. ವಿದ್ಯುತ್ ಕಚೇರಿಯಲ್ಲಿ ನಾವು ಕೇಳಿದ್ದಕ್ಕೆ 'ಟಿಸಿ ಲೋಡ್ ತುಂಬಿದೆ, ನೋಡೋಣ' ಎಂದರು. ಸೋಲಾರ್ ಮನೆಯಿಂದ ಕರೆಂಟು ವಾಪಸು ಹೋಗಿ ಲೈನ್‌ಮನ್‌ಗೆ ಹೊಡೆಯುತ್ತದೆ, ಅದಕ್ಕೇ ಕಚೇರಿಯವರು ಹಿಂದೆ ಮುಂದೆ ನೋಡುತ್ತಾರೆ ಎಂಬ ಮಾತೂ ಊರಿನಲ್ಲಿದೆ. ಮೀಟರ್ ಇನ್ನೂ ನಮ್ಮ ತಂದೆಯವರ ಹೆಸರಿನಲ್ಲಿದೆ. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ನಾವು ಹಾಕಿಸುವುದೋ, ಬೇಡವೋ?

ಉತ್ತರ: ಹಾಕಿಸಿ. ಆದರೆ 5 ಕಿಲೋವ್ಯಾಟ್ ಬೇಡ. ಮಳೆಗಾಲದ ಕತ್ತಲೆಗೆ ಅದು ಮದ್ದು ಎಂದು ನಂಬಿಯಂತೂ ಹಾಕಿಸಬೇಡಿ.

ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದೇ ಗಂಟಿನಲ್ಲಿವೆ. ಬಿಲ್ಲು ಇಳಿಸುವುದು ಒಂದು, ಕರೆಂಟು ಹೋದಾಗ ಮಗನ ಲ್ಯಾಪ್‌ಟಾಪ್ ಬದುಕಿರುವುದು ಇನ್ನೊಂದು. ಸಬ್ಸಿಡಿ ಸಿಗುವ, ಲೈನಿಗೆ ಜೋಡಿಸುವ ಸೋಲಾರ್ ಮೊದಲನೆಯದಕ್ಕೆ ಮಾತ್ರ. ಏಜೆನ್ಸಿಯವರು ಎರಡನ್ನೂ ಒಂದೇ ಉಸಿರಿನಲ್ಲಿ ಮಾರಲು ನೋಡಿದ್ದಾರೆ. ನಾನು ವಿತರಣಾ ಎಂಜಿನಿಯರ್ ಆಗಿ ಮಲೆನಾಡಿನ ಲೈನುಗಳ ಕೆಳಗೆ ನಡೆದವನು. ನಿವೃತ್ತಿಯ ನಂತರ ಸೋಲಾರ್ ಹಾಕಿಸುವವರ ಜೊತೆ ಅಂಥವೇ ಕಚೇರಿಗಳ ಬೆಂಚಿನ ಮೇಲೆ ಕಾದು ಕುಳಿತವನು. ಎರಡೂ ಕಡೆಯ ಸಂಕಟ ಗೊತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಲೈನ್‌ಮನ್‌ಗೆ ಹೊಡೆಯುವ ಮಾತು. ಹುದ್ದೆಯ ಹೆಸರು ಈಗ ಪವರ್‌ಮ್ಯಾನ್ ಎಂದಾದರೂ ಊರಿನ ಬಾಯಲ್ಲಿ ಅವರು ಇನ್ನೂ ಲೈನ್‌ಮನ್ನೇ. ಲೈನಿಗೆ ಜೋಡಿಸುವ ಇನ್ವರ್ಟರ್ ತಾನಾಗಿ ಕರೆಂಟು ಹುಟ್ಟಿಸುವ ಯಂತ್ರವಲ್ಲ. ಲೈನಿನ ತಾಳವನ್ನು ಕೇಳಿಸಿಕೊಂಡು ಅದಕ್ಕೆ ಹೆಜ್ಜೆ ಹಾಕುವಂಥದ್ದು. ಲೈನು ಸತ್ತ ಕ್ಷಣ ಅದೂ ನಿಲ್ಲಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮಗಳಲ್ಲಿ ಇದು ಕಡ್ಡಾಯ. ವೋಲ್ಟೇಜ್ ನಿಗದಿತ ಮಟ್ಟದ ಶೇ 80ಕ್ಕಿಂತ ಇಳಿದರೂ, ಶೇ 110ನ್ನು ಮೀರಿದರೂ 2 ಸೆಕೆಂಡಿನೊಳಗೆ ಕಳಚಿಕೊಳ್ಳಬೇಕು. 230 ವೋಲ್ಟ್ ಲೆಕ್ಕದಲ್ಲಿ ಅಂದರೆ 184 ಮತ್ತು 253. ಈ ಎರಡನೆಯ ಸಂಖ್ಯೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ನಿಮ್ಮ ದಾಯಾದಿಗಳ ಮನೆ ಊರಿನ ಜೊತೆಗೇ ಕತ್ತಲಾಗುವುದಕ್ಕೂ ಇದೇ ಕಾರಣ. ಅದು ಕೆಟ್ಟಿಲ್ಲ, ಕಂಬದ ಮೇಲಿರುವ ಮನುಷ್ಯನನ್ನು ಕಾಯುತ್ತಿದೆ.

ಆ ಊರಮಾತು ಪೂರ್ತಿ ಸುಳ್ಳಿನಿಂದ ಹುಟ್ಟಿದ್ದೂ ಅಲ್ಲ. ಮದುವೆ ಮನೆಯಲ್ಲಿ ಜನರೇಟರ್ ತಂದು, ಚೇಂಜ್‌ಓವರ್ ಸ್ವಿಚ್ (ಲೈನು, ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುವ ಸ್ವಿಚ್) ಇಲ್ಲದೆ ನೇರವಾಗಿ ಮನೆಯ ವೈರಿಂಗ್‌ಗೆ ಸಿಕ್ಕಿಸುವುದಿದೆಯಲ್ಲ, ಅಪಾಯ ಇರುವುದು ಅಲ್ಲಿ. 230 ವೋಲ್ಟ್ ಟಿಸಿಯೊಳಗೆ ಹಿಮ್ಮುಖವಾಗಿ ಹೊಕ್ಕರೆ ಆಚೆ ಬದಿಯಲ್ಲಿ 11 ಸಾವಿರ ವೋಲ್ಟ್ ಲೈನು ಜೀವ ತಳೆಯುತ್ತದೆ. ಹಳೆಯ ಲೈನ್‌ಮನ್‌ಗಳ ಭಯಕ್ಕೆ ಇದು ಬೇರು. ಅವರು ಸೋಲಾರ್ ಎಂದಾಕ್ಷಣ ಹುಬ್ಬು ಗಂಟಿಕ್ಕಿದರೆ ಬೇಸರ ಪಡಬೇಡಿ. ಇನ್ವರ್ಟರ್ ತೋರಿಸಿ, ಮೇನ್ ಸ್ವಿಚ್ ತೆಗೆದು ಅದು ನಿಲ್ಲುವುದನ್ನು ಅವರ ಕಣ್ಣೆದುರೇ ಮಾಡಿ ತೋರಿಸಿ.

ಈಗ ಮಧ್ಯಾಹ್ನದ ಒಗಟು. ಬಿಸಿಲು ಚೆನ್ನಾಗಿದ್ದಾಗಲೇ ಏಕೆ ನಿಲ್ಲುತ್ತದೆ?

ಗುಡ್ಡದ ಅಬ್ಬಿಯ ನೀರು ದಬ್ಬೆಯಲ್ಲಿ ಹರಿದು ಮನೆ ಬಾಗಿಲಿಗೆ ಬರುವುದು ಮೂಲ ಎತ್ತರದಲ್ಲಿ ಇರುವುದರಿಂದ. ಅದೇ ದಬ್ಬೆಯಲ್ಲಿ ನೀರನ್ನು ಗುಡ್ಡಕ್ಕೆ ಹಿಂದಿರುಗಿಸಬೇಕಾದರೆ ಮನೆಯ ತುದಿಯನ್ನು ಅಬ್ಬಿಗಿಂತ ಮೇಲೆತ್ತಬೇಕು. ಕರೆಂಟಿನ ಎತ್ತರವೇ ವೋಲ್ಟೇಜ್. ಇಷ್ಟು ಕಾಲ ಟಿಸಿ ಎತ್ತರ, ನಿಮ್ಮ ಮನೆ ತಗ್ಗು. ಸಂಜೆ ಟ್ಯೂಬ್‌ಲೈಟ್ ಮಿಣಮಿಣ ಎನ್ನುತ್ತಿದ್ದದ್ದು ಅದಕ್ಕೇ. ವಿತರಣಾ ವ್ಯವಸ್ಥೆ ಕಟ್ಟಿದ್ದೇ ಈ ಇಳಿಜಾರನ್ನು ನಂಬಿ. ಟಿಸಿಯ ಮೇಲಿನ ಫಲಕ ಓದಿ ನೋಡಿ, 11000/433 ಎಂದಿರುತ್ತದೆ. ಹೊರೆ ಇಲ್ಲದಾಗಿನ ಆ 433 ವೋಲ್ಟನ್ನು ಒಂದು ಫೇಸಿನ ಲೆಕ್ಕಕ್ಕೆ ತಂದರೆ 250. ದಾರಿಯಲ್ಲಿ ಇಳಿದು ಇಳಿದು ಕೊನೆಯ ಮನೆಗೆ 230ರ ಆಸುಪಾಸು ಉಳಿಯಲಿ ಎಂದು ಮೊದಲೇ ಮೇಲಿಟ್ಟು ಕಳಿಸುತ್ತಾರೆ. ಈಗ ಸೋಲಾರ್ ಮನೆ ಕರೆಂಟನ್ನು ಹಿಂದಕ್ಕೆ ತಳ್ಳಲು ಹೊರಟಿದೆ. ಹಾಗೆ ತಳ್ಳಬೇಕಾದರೆ ಅದು ಟಿಸಿಗಿಂತ ಎತ್ತರಕ್ಕೆ ಏರಲೇಬೇಕು.

ಎಷ್ಟು ಎತ್ತರಕ್ಕೆ? ನಮ್ಮ ಹಳ್ಳಿ ಲೈನುಗಳಲ್ಲಿ ಸಾಮಾನ್ಯವಾಗಿ ಇರುವುದು ವೀಸಲ್ ತಂತಿ. (ಅಲ್ಯೂಮಿನಿಯಂ ತಂತಿಗಳಿಗೆ ಸ್ಕ್ವಿರಲ್, ವೀಸಲ್, ರ‍್ಯಾಬಿಟ್ ಎಂದು ಪ್ರಾಣಿಗಳ ಹೆಸರಿಟ್ಟು ಹೋದವರು ಬ್ರಿಟಿಷರು, ಈ ಮೂರರಲ್ಲಿ ಸ್ಕ್ವಿರಲ್ ತೆಳು, ರ‍್ಯಾಬಿಟ್ ದಪ್ಪ.) ವೀಸಲ್ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 0.9 ಓಮ್. ಸಿಂಗಲ್ ಫೇಸ್‌ನಲ್ಲಿ ಹೋಗುವ ತಂತಿ, ಬರುವ ತಂತಿ ಎರಡನ್ನೂ ಎಣಿಸಬೇಕು. ದಾಯಾದಿಗಳ 600 ಮೀಟರಿಗೆ ಸುಮಾರು 1.1 ಓಮ್ ಆಯಿತು. 3 ಕಿಲೋವ್ಯಾಟ್ ಎಂದರೆ 13 ಆಂಪಿಯರ್. ಗುಣಿಸಿದರೆ 14 ವೋಲ್ಟ್ ಏರಿಕೆ. ಬೇಸಿಗೆಯ ಮಧ್ಯಾಹ್ನ ಊರಿನಲ್ಲಿ ಫ್ಯಾನು, ಟಿವಿ ಬಿಟ್ಟರೆ ಹೊರೆಯೇ ಇರುವುದಿಲ್ಲ, ಟಿಸಿಯ ಬುಡದಲ್ಲಿ 240 ವೋಲ್ಟ್ ಇದೆ ಎಂದುಕೊಳ್ಳಿ. 240 ಮತ್ತು 14 ಸೇರಿದರೆ 254. ಇನ್ವರ್ಟರ್ ಕಳಚಿಕೊಳ್ಳುತ್ತದೆ, ಕಳಚಿಕೊಂಡೊಡನೆ ವೋಲ್ಟೇಜ್ ಇಳಿಯುತ್ತದೆ, ಸ್ವಲ್ಪ ಕಾದು ಮತ್ತೆ ಸೇರಿಕೊಳ್ಳುತ್ತದೆ, ಮತ್ತೆ ಏರುತ್ತದೆ. ನೀವು ನೋಡಿದ ಆಟ ಇದೇ.

ಇದೇ ಲೆಕ್ಕವನ್ನು ನಿಮ್ಮ 800 ಮೀಟರಿಗೂ ಏಜೆನ್ಸಿಯವರ 5 ಕಿಲೋವ್ಯಾಟಿಗೂ ಹಾಕಿ. ಏರಿಕೆ ಸುಮಾರು 32 ವೋಲ್ಟ್. ಮಾರ್ಚ್‌ನ ಒಳ್ಳೆಯ ಬಿಸಿಲಿನಲ್ಲಿ ನಿಮ್ಮ ಇನ್ವರ್ಟರ್ ಬೆಳಿಗ್ಗೆ ಒಂಬತ್ತೂವರೆಗೇ ಕೈಚೆಲ್ಲುತ್ತದೆ. ಇಬ್ಬರೂ ಒಂದೇ ಫೇಸಿನಲ್ಲಿದ್ದರೆ (ಲೈನಿನ ಮೂರು ಕರೆಂಟು ತಂತಿಗಳಲ್ಲಿ ಒಂದೇ ತಂತಿಯಲ್ಲಿದ್ದರೆ) ದಾಯಾದಿಗಳ ಏರಿಕೆ ನಿಮ್ಮದಕ್ಕೂ, ನಿಮ್ಮದು ಅವರದಕ್ಕೂ ಸೇರಿಕೊಳ್ಳುತ್ತದೆ. ಸದ್ಯಕ್ಕೆ ಮಧ್ಯಾಹ್ನ ಮಾತ್ರ ನಿಲ್ಲುತ್ತಿರುವ ಅವರ ಇನ್ವರ್ಟರ್ ಆಮೇಲೆ ನಿಮ್ಮ ಹೆಸರು ಹೇಳಿಕೊಂಡು ದಿನವಿಡೀ ನಿಲ್ಲುತ್ತದೆ. ಪಾಲಿನ ಬೇಲಿ ಜಗಳಕ್ಕೆ ಇದೊಂದು ಹೊಸ ಅಧ್ಯಾಯ ಸೇರುವುದು ಬೇಡ.

'ಸೆಟ್ಟಿಂಗ್ ಬದಲಿಸಿದರೆ' ಎಂದರೆ ಏನು ಎಂದು ಈಗ ನಿಮಗೇ ಹೊಳೆದಿರಬೇಕು. 253ರ ಗಡಿಯನ್ನು 265ಕ್ಕೋ 270ಕ್ಕೋ ಏರಿಸುವುದು. ಹೌದು, ಇನ್ವರ್ಟರ್ ನಿಲ್ಲುವುದಿಲ್ಲ. ಆ 265 ವೋಲ್ಟ್ ಮಾತ್ರ ನಿಮ್ಮ ಫ್ರಿಜ್ಜಿಗೂ, ಅದೇ ಫೇಸಿನ ಪಕ್ಕದ ಮನೆಯ ಟಿವಿಗೂ ಹೋಗುತ್ತದೆ. 1956ರ ಹಳೆಯ ವಿದ್ಯುತ್ ನಿಯಮಗಳ ಕಾಲದಿಂದಲೂ ಮನೆಯ ಸರಬರಾಜಿಗೆ ಶೇ 6ರಷ್ಟು ಹೆಚ್ಚುಕಡಿಮೆ ಎಂಬುದೇ ಮರ್ಯಾದೆ. ಅಂದರೆ 244ರ ಹತ್ತಿರ. ನಾನು ನೋಡಿದ ಒಂದು ಮನೆಯಲ್ಲಿ ಹಾಕಿದವರು ಹೀಗೆ ಗಡಿ ಏರಿಸಿ ಹೋಗಿದ್ದರು. ಎರಡು ತಿಂಗಳಲ್ಲಿ ಆ ಸಾಲಿನ ಮೂರು ಮನೆಗಳ ಎಲ್‌ಇಡಿ ಬಲ್ಬುಗಳು ಒಂದರ ಹಿಂದೊಂದು ಸುಟ್ಟವು. ಬೈಗುಳ ತಿಂದದ್ದು ಲೈನ್‌ಮನ್. ಆ ಸಲಹೆಗೆ ಒಪ್ಪಬೇಡಿ, ದಾಯಾದಿಗಳಿಗೂ ಹೇಳಿ.

ಅದರ ಬದಲು ಇನ್ವರ್ಟರ್ ಕೊಳ್ಳುವ ಮುನ್ನವೇ ಕೇಳಬೇಕಾದದ್ದು ಬೇರೆ ಒಂದಿದೆ. ವೋಲ್ಟೇಜ್ ಏರುತ್ತ ಹೋದಂತೆ ಪೂರ್ತಿ ನಿಲ್ಲದೆ ಉತ್ಪಾದನೆಯನ್ನು ಹಂತಹಂತವಾಗಿ ತಗ್ಗಿಸುವ ಸೌಲಭ್ಯ ಹಲವು ಇನ್ವರ್ಟರ್‌ಗಳಲ್ಲಿ ಇರುತ್ತದೆ. ಅದನ್ನು ಚಾಲೂ ಮಾಡಿಕೊಡಿ ಎಂದು ಕೇಳಿ. ಮಧ್ಯಾಹ್ನ 3 ಕಿಲೋವ್ಯಾಟ್ ಬದಲು 2 ಬರುತ್ತದೆ, ಸೊನ್ನೆಯಂತೂ ಆಗುವುದಿಲ್ಲ.

ಇನ್ನು ಕಚೇರಿಯ 'ಟಿಸಿ ಲೋಡ್ ತುಂಬಿದೆ'. ಈ ಮಾತಿನ ಒಳಗೆ ಏನಿದೆ ಎಂದು ನಾನು ಊಹಿಸಬಲ್ಲೆ, ಏಕೆಂದರೆ ಇದೇ ಮಾತನ್ನು ನಾನೂ ಆಡಿದ್ದೇನೆ. ಟಿಸಿ ತುಂಬುವುದು ಸಂಜೆ ಏಳರಿಂದ ಹತ್ತು, ಮತ್ತೆ ಪಂಪು ಓಡುವ ಹೊತ್ತು. ನಿಮ್ಮ ಸೋಲಾರ್ ಕರೆಂಟು ಕೊಡುವುದು ಮಧ್ಯಾಹ್ನ. ಆದ್ದರಿಂದ ಸಂಜೆಯ ಹೊರೆಗೆ ಸೋಲಾರ್ ಒಂದು ತೂಕವನ್ನೂ ಸೇರಿಸುವುದಿಲ್ಲ. ಆದರೆ ಸೋಲಾರ್‌ಗಾಗಿ ನಿಮ್ಮ ಮಂಜೂರಾದ ಹೊರೆಯನ್ನು 2ರಿಂದ 5 ಕಿಲೋವ್ಯಾಟಿಗೆ ಏರಿಸಿದರೆ, ದಾಖಲೆಯಲ್ಲಿ ಆ ಟಿಸಿಯ ಮೇಲೆ 3 ಕಿಲೋವ್ಯಾಟ್ ಹೆಚ್ಚು ಕಾಣುತ್ತದೆ. ನಾಳೆ ಟಿಸಿ ಸುಟ್ಟರೆ ಉತ್ತರ ಹೇಳಬೇಕಾದವರು ಆ ಶಾಖಾಧಿಕಾರಿ. ಇದು ಅವರ ನಿಜವಾದ ಅಳುಕು, ಹುನ್ನಾರವಲ್ಲ.

ಕಾಗದದಲ್ಲಿ ನಿಮ್ಮ ಪಕ್ಷ ಗಟ್ಟಿಯಾಗಿದೆ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ಕೇಂದ್ರ ಸರ್ಕಾರ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ 10 ಕಿಲೋವ್ಯಾಟ್‌ವರೆಗಿನ ಅರ್ಜಿ ಎಲ್ಲ ರೀತಿಯಲ್ಲೂ ಪೂರ್ಣವಾಗಿದ್ದರೆ ತಾಂತ್ರಿಕ ಪರಿಶೀಲನೆಯಿಲ್ಲದೆ ಒಪ್ಪಿಗೆಯಾದಂತೆಯೇ. ಮಂಜೂರಾದ ಹೊರೆ ಏರಿಸಬೇಕಿದ್ದರೆ ಅದನ್ನೂ ವಿದ್ಯುತ್ ಕಂಪನಿಯೇ ಮಾಡಬೇಕು. 5 ಕಿಲೋವ್ಯಾಟ್‌ವರೆಗೆ ಲೈನು ಬಲಪಡಿಸುವ ಖರ್ಚೂ ಕಂಪನಿಯದೇ. ಆದರೆ ಈ ಕಾಗದವನ್ನು ಮೊದಲ ದಿನವೇ ಮೇಜಿನ ಮೇಲೆ ಬಡಿಯಬೇಡಿ. ಒಪ್ಪಿಗೆ ತಂತಾನೇ ಆಗಬಹುದು. ಓಮ್‌ನ ನಿಯಮಕ್ಕೆ ಮಾತ್ರ ಯಾವ ತಿದ್ದುಪಡಿಯೂ ಬಂದಿಲ್ಲ. ಒಪ್ಪಿಗೆ ಪಡೆದು 5 ಕಿಲೋವ್ಯಾಟ್ ಹಾಕಿಸಿದರೂ 253ಕ್ಕೆ ಅದು ನಿಲ್ಲುವುದೇ. ನಿಮಗೆ ಬೇಕಿರುವುದು ಅನುಮತಿಗಿಂತ ಹೆಚ್ಚಾಗಿ ಒಳ್ಳೆಯ ಲೈನು, ಅದನ್ನು ಕೊಡಬಲ್ಲವರು ಆ ಕಚೇರಿಯವರೇ.

ಹಾಗಾದರೆ ಅವರ ಬಳಿ ಏನು ಹಿಡಿದುಕೊಂಡು ಹೋಗುವುದು? ಅಂಗಡಿಯಲ್ಲಿ ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ವೋಲ್ಟ್‌ಮೀಟರ್ ಸಿಗುತ್ತದೆ. ಎರಡು ವಾರ ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡೂವರೆ, ಸಂಜೆ ಏಳೂವರೆ, ರಾತ್ರಿ ಹನ್ನೊಂದಕ್ಕೆ ಎಷ್ಟಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ದಾಯಾದಿಗಳ ಮನೆಯಲ್ಲೂ ಬರೆಯಿಸಿ. ಅವರ ಇನ್ವರ್ಟರ್ ಪರದೆಯಲ್ಲೇ ವೋಲ್ಟೇಜ್ ಕಾಣುತ್ತದೆ. ಬಿಸಿಲಿನ ಜೊತೆಗೆ ಏರಿ ಬಿಸಿಲಿನ ಜೊತೆಗೆ ಇಳಿಯುತ್ತಿದ್ದರೆ ಅದು ತಂತಿಯ ಉದ್ದದ ದೋಷ. ರಾತ್ರಿ ಹನ್ನೊಂದಕ್ಕೂ 250 ತೋರಿಸುತ್ತಿದ್ದರೆ ಸೋಲಾರ್‌ಗೆ ಸಂಬಂಧವಿಲ್ಲ. ಸಂಜೆಯ ಹೊರೆಗೆಂದು ಸಬ್‌ಸ್ಟೇಷನ್ನಿನಲ್ಲಿ ವೋಲ್ಟೇಜ್ ಮೇಲಿಟ್ಟಿರುವುದನ್ನು ಅವರು ಸರಿಹೊಂದಿಸಬಹುದು. ಮೂರನೆಯ ಸಾಧ್ಯತೆಯೇ ಮಲೆನಾಡಿನಲ್ಲಿ ನಾನು ಹೆಚ್ಚು ಕಂಡದ್ದು. ಒಬ್ಬರ ಮನೆಯಲ್ಲಿ ಗ್ರೈಂಡರ್ ಚಾಲೂ ಮಾಡಿದರೆ ಇನ್ನೊಬ್ಬರ ಮನೆಯ ದೀಪ ಪ್ರಖರವಾಗುತ್ತದೆ ಎಂದಾದರೆ ನ್ಯೂಟ್ರಲ್ ತಂತಿಯ (ಕರೆಂಟು ಟಿಸಿಗೆ ಹಿಂತಿರುಗುವ ತಂತಿ) ಜಾಯಿಂಟ್ ಸಡಿಲವಾಗಿದೆ.

ಹೊಸನಗರದ ಕಡೆ ಒಮ್ಮೆ ಇಂಥದೇ ದೂರು. ಹೊಸದಾಗಿ ಸೋಲಾರ್ ಹಾಕಿಸಿದ ಮನೆಯನ್ನು ಇಡೀ ಊರು ಅನುಮಾನಿಸುತ್ತಿತ್ತು. ಲೈನ್‌ಮನ್ ಜೊತೆ ಕಂಬ ಕಂಬ ನಡೆದೆವು. ಎರಡು ಮಳೆಗಾಲದ ಹಿಂದೆ ಹಲಸಿನ ಕೊಂಬೆ ಬಿದ್ದು ತುಂಡಾದ ನ್ಯೂಟ್ರಲನ್ನು ಯಾರೋ ಕೈಯಲ್ಲೇ ತಿರುಚಿ ಕಟ್ಟಿದ್ದರು, ರಾತ್ರಿ ಮಳೆಯಲ್ಲಿ, ಟಾರ್ಚ್ ಬೆಳಕಿನಲ್ಲಿ ಬೇರೆ ದಾರಿಯೂ ಇರಲಿಲ್ಲವೇನೋ. ಆ ಗಂಟು ಕರಿಹಿಡಿದು ಕಬ್ಬಿಣದ ಕಿಟ್ಟದಂತಾಗಿತ್ತು. ಕತ್ತರಿಸಿ ಸರಿಯಾದ ಸ್ಲೀವ್ ಹಾಕಿ ಒತ್ತಿದ ಮೇಲೆ ಸೋಲಾರ್ ಮನೆಗೂ ಊರಿಗೂ ರಾಜಿಯಾಯಿತು. ಖರ್ಚಾದದ್ದು ಅರ್ಧ ದಿನ.

ನೋಟ್‌ಬುಕ್ ಜೊತೆ ಟಿಸಿಯ ಸಂಖ್ಯೆ, ನಿಮ್ಮ ಆರ್‌ಆರ್ ಸಂಖ್ಯೆ (ಬಿಲ್ಲಿನಲ್ಲಿರುವ ಸಂಪರ್ಕದ ಸಂಖ್ಯೆ), ಲೈನಿನ ಕಂಬಗಳ ಎಣಿಕೆ ಇವನ್ನೂ ಬರೆದುಕೊಂಡು ಹೋಗಿ. ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಲೈನಿನ ತಂತಿ ಯಾವುದು? ರ‍್ಯಾಬಿಟ್‌ಗೆ ಬದಲಿಸುವ ಪ್ರಸ್ತಾವ ಇದೆಯೇ? (ರ‍್ಯಾಬಿಟ್ ಆದರೆ ಏರಿಕೆ ಹೆಚ್ಚುಕಡಿಮೆ ಐದರಲ್ಲಿ ಮೂರು ಪಾಲಿಗೆ ಇಳಿಯುತ್ತದೆ.) ನಾವು ಮತ್ತು ದಾಯಾದಿಗಳು ಯಾವ ಫೇಸಿನಲ್ಲಿದ್ದೇವೆ, ಒಬ್ಬರನ್ನು ಬೇರೆ ಫೇಸಿಗೆ ಸರಿಸಬಹುದೇ? ಕೊನೆಯ ಈ ಕೆಲಸಕ್ಕೆ ಕಂಬ ಹತ್ತಿ ಇಳಿಯುವಷ್ಟೇ ಸಮಯ ಸಾಕು, ಪರಿಣಾಮ ದೊಡ್ಡದು. ಜೂನ್‌ನಿಂದ ಆಗಸ್ಟ್‌ವರೆಗೆ ಮಾತ್ರ ಹೋಗಬೇಡಿ. ಆಗ ಆ ಕಚೇರಿಯ ಪ್ರತಿಯೊಬ್ಬರೂ ಯಾವುದೋ ಕಾಡಿನಲ್ಲಿ ಬಿದ್ದ ಮರದ ಅಡಿಯಿಂದ ತಂತಿ ಎಳೆಯುತ್ತಿರುತ್ತಾರೆ. ದೀಪಾವಳಿ ಕಳೆದ ಮೇಲೆ ಹೋಗಿ. ಆಮೇಲೂ ಕೆಲಸ ನಡೆಯದಿದ್ದರೆ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್‌ಗೆ ಲಿಖಿತ ಮನವಿ, 1912ಕ್ಕೆ ದೂರು, ಜನಸಂಪರ್ಕ ಸಭೆ, ಕೊನೆಗೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದ್ದೇ ಇವೆ.

ಇದೆಲ್ಲಕ್ಕೂ ಮೊದಲು ಮುಗಿಸಬೇಕಾದ್ದು ತಂದೆಯವರ ಹೆಸರಿನ ವಿಷಯ. ಮಲೆನಾಡಿನಲ್ಲಿ ಅರ್ಜಿಗಳು ನಿಲ್ಲುವುದು ವೋಲ್ಟೇಜಿಗಿಂತ ಹೆಚ್ಚಾಗಿ ಇಲ್ಲಿ. ಪಾಲಾಗದ ಮನೆ, ಅಜ್ಜನ ಹೆಸರಿನ ಮೀಟರ್, ಮೊಮ್ಮಗನ ಹೆಸರಿನ ಬ್ಯಾಂಕ್ ಖಾತೆ. ಸಬ್ಸಿಡಿ ಕೊಡುವ ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಬಿಲ್ಲಿನಲ್ಲಿರುವ ಹೆಸರಿನವರೇ ಅರ್ಜಿದಾರರಾಗಬೇಕು, ಹಣವೂ ಅವರ ಖಾತೆಗೇ ಬರಬೇಕು. ಏಜೆನ್ಸಿಯವರು 'ಅದನ್ನೆಲ್ಲ ಆಮೇಲೆ ನೋಡಿಕೊಳ್ಳೋಣ, ಮೊದಲು ಮುಂಗಡ ಕೊಡಿ' ಎಂದರೆ ಕೊಡಬೇಡಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಅಣ್ಣತಮ್ಮಂದಿರು ಅಕ್ಕತಂಗಿಯರಿದ್ದರೆ ಅವರ ಒಪ್ಪಿಗೆ ಪತ್ರ, ಮನೆಯ ದಾಖಲೆ ಇಷ್ಟು ಹೊಂದಿಸಿ ಮೊದಲು ಹೆಸರು ಬದಲಾಯಿಸಿಕೊಳ್ಳಿ. ಹಳೆಯ ಬಾಕಿ ಇದ್ದರೆ ಕಟ್ಟಿಬಿಡಿ.

ಸಬ್ಸಿಡಿಯ ಲೆಕ್ಕವೂ 5 ಕಿಲೋವ್ಯಾಟಿನ ಪರ ಇಲ್ಲ. ಮೊದಲ 2 ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಒಟ್ಟು 78,000ಕ್ಕೆ ಮುಗಿಯಿತು. 5 ಹಾಕಿದರೂ ಅಷ್ಟೇ. ಫಲಕಗಳು, ಅವುಗಳೊಳಗಿನ ಕೋಶಗಳು ಎರಡೂ ಭಾರತದಲ್ಲಿ ತಯಾರಾದವೇ ಇರಬೇಕು, ಹಾಕುವವರು ಯೋಜನೆಯಲ್ಲಿ ನೋಂದಾಯಿಸಿದವರೇ ಆಗಿರಬೇಕು, ಐದು ವರ್ಷ ನಿರ್ವಹಣೆಯೂ ಅವರದೇ. ಇನ್ನೊಂದು ಮಾತು, ಏಜೆನ್ಸಿಯವರಿಗೆ ಇಷ್ಟವಾಗದ ಮಾತು. ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ಲು ಈಗಲೇ ಸೊನ್ನೆ ಬರುತ್ತಿದ್ದರೆ, ಮುಂದೆಯೂ ಬಳಕೆ ಅಷ್ಟರಲ್ಲೇ ಇರುತ್ತದೆ ಎಂದಾದರೆ, ಬಿಲ್ಲು ಉಳಿಸಲೆಂದು ಲೈನಿಗೆ ಜೋಡಿಸುವ ಸೋಲಾರ್ ಹಾಕಿಸುವ ಅಗತ್ಯವೇ ಇಲ್ಲ. ಆಗ ಮುಂದೆ ಹೇಳುವ ಬ್ಯಾಟರಿಯ ಮಾತಿಗೆ ನೇರ ಹೋಗಿ. ಬಿಲ್ಲು ಬರುತ್ತಿದ್ದರೆ ಮಾತ್ರ ಈ ದಾರಿ ನೋಡಬೇಕು.

ನನ್ನ ಆಯ್ಕೆ 2 ಕಿಲೋವ್ಯಾಟ್, ದಾಯಾದಿಗಳಿಗಿಂತ ಬೇರೆ ಫೇಸಿನಲ್ಲಿ, ಉತ್ಪಾದನೆ ತಗ್ಗಿಸುವ ಸೌಲಭ್ಯವಿರುವ ಇನ್ವರ್ಟರ್ ಜೊತೆ. ಏರಿಕೆ 13 ವೋಲ್ಟಿನ ಹತ್ತಿರ, ಅಂದರೆ ಅಂಚಿನಲ್ಲೇ ಇದೆ. ಅದಕ್ಕೆ ಮನೆಯಲ್ಲೂ ಒಂದು ಉಪಾಯವಿದೆ. ಮನೆಯೊಳಗೆ ಬಳಸಿದ ಕರೆಂಟು ಲೈನಿಗೆ ಹೋಗುವುದಿಲ್ಲ. ಗ್ರೈಂಡರ್, ವಾಷಿಂಗ್ ಮೆಷಿನ್, ಬಾವಿಯಿಂದ ಮನೆಯ ಟ್ಯಾಂಕಿಗೆ ನೀರು ಏರಿಸುವುದು, ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಯಂತ್ರ ಇವೆಲ್ಲವನ್ನೂ ಹನ್ನೊಂದರಿಂದ ಎರಡರೊಳಗೆ ಮಾಡಿದರೆ ಏರಿಕೆ ಅಷ್ಟಷ್ಟು ಇಳಿಯುತ್ತದೆ. ತೋಟದ ಪಂಪಿನ ಆರ್‌ಆರ್ ಸಂಖ್ಯೆ ಬೇರೆ, ಅದನ್ನು ಮನೆಯ ಮೀಟರಿಗೆ ಸಿಕ್ಕಿಸುವ ಯೋಚನೆ ಮಾಡಬೇಡಿ. ಲೈನು ರ‍್ಯಾಬಿಟ್‌ಗೆ ಬದಲಾದ ಮೇಲೆ ಇನ್ನೊಂದು ಕಿಲೋವ್ಯಾಟ್ ಸೇರಿಸಬಹುದು.

ಮನೆಗೂ ಮೂರು ಫೇಸ್ ತೆಗೆದುಕೊಂಡರೆ? ಲೆಕ್ಕದ ಪ್ರಕಾರ ಅದೇ ಅತ್ಯುತ್ತಮ. ಕರೆಂಟು ಮೂರು ಕಡೆ ಹಂಚಿಹೋಗಿ, ನ್ಯೂಟ್ರಲ್‌ನಲ್ಲಿ ಹಿಂತಿರುಗುವುದೂ ಇಲ್ಲವಾಗಿ ಏರಿಕೆ ಆರನೇ ಒಂದಕ್ಕೆ ಇಳಿಯುತ್ತದೆ. ನಿಮ್ಮ 5 ಕಿಲೋವ್ಯಾಟಿಗೂ ಐದಾರು ವೋಲ್ಟ್ ಅಷ್ಟೇ. ಆದರೆ ನಿಮ್ಮ ಪತ್ರದಲ್ಲೇ ಮುಳ್ಳಿದೆ: ನಿಮ್ಮ ಲೈನಿನಲ್ಲಿ ಮೂರು ಫೇಸ್ ಇರುವುದು ದಿನಕ್ಕೆ ಕೆಲವೇ ಗಂಟೆ. ಮೂರು ಫೇಸಿನ ಇನ್ವರ್ಟರ್ ಉಳಿದ ಹೊತ್ತು ಸುಮ್ಮನೆ ಕೂರುತ್ತದೆ. ಆ ಗಂಟೆಗಳು ರಾತ್ರಿಯ ಪಾಳಿಗೆ ಬಂದರೆ ನಿಮ್ಮ ಫಲಕಗಳು ಬರೀ ಚಾವಣಿಯ ಅಲಂಕಾರ. ಪಂಪಿನ ಫೀಡರ್‌ನಿಂದ ಮನೆಗಳನ್ನು ಬೇರ್ಪಡಿಸಿ ದಿನವಿಡೀ ಮೂರು ಫೇಸ್ ಕೊಡುವ ನಿರಂತರ ಜ್ಯೋತಿ ಲೈನು ನಿಮ್ಮೂರಿಗೆ ಬಂದ ಮೇಲೆ ಈ ದಾರಿ ತೆರೆಯುತ್ತದೆ.

ಈಗ ಮಗನ ಮಳೆಗಾಲ. ಶರಾವತಿಯ ನೀರಿನಿಂದ 1948ರಿಂದ ನಾಡಿಗೆ ಬೆಳಕು ಕೊಡುತ್ತಿರುವ ಜಿಲ್ಲೆಯಲ್ಲಿ ಕುಳಿತು ಲ್ಯಾಪ್‌ಟಾಪಿಗೆ ಕರೆಂಟು ಹುಡುಕುವುದು ಒಂದು ವಿಪರ್ಯಾಸ, ಇರಲಿ. ಹೈಬ್ರಿಡ್ ಇನ್ವರ್ಟರ್ ಮತ್ತು ಲಿಥಿಯಂ ಬ್ಯಾಟರಿ ಹಾಕಿಸಿದರೆ ಲೈನು ಸತ್ತಾಗ ಅದು ಲೈನಿನಿಂದ ಕಳಚಿಕೊಂಡು ಮನೆಯನ್ನು ಮಾತ್ರ ನಡೆಸುತ್ತದೆ. ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಬ್ಯಾಟರಿಗೆ ಸಬ್ಸಿಡಿ ಇಲ್ಲ, ಸಿಡಿಲಿಗೆ ಆ ದುಬಾರಿ ಪೆಟ್ಟಿಗೆ ಹೋದರೆ ಬಿಲ್ಲು ಉಳಿಸುವುದು, ಕತ್ತಲೆ ಕಳೆಯುವುದು ಎರಡೂ ಒಟ್ಟಿಗೆ ಹೋಗುತ್ತವೆ. ಲೈನನ್ನೇ ಬಿಟ್ಟು ಪೂರ್ತಿ ಬ್ಯಾಟರಿಯ ಮೇಲೆ ಬದುಕುವ ಸಲಹೆ ಕೊಡುವವರೂ ಇದ್ದಾರೆ. ನಾನು ನೋಡಿದ ಮನೆಗಳಲ್ಲಿ ಮಾರ್ಚ್‌ನಲ್ಲಿ ಕಿಲೋವ್ಯಾಟಿಗೆ ದಿನಕ್ಕೆ 5 ಯೂನಿಟ್ ಬರುವುದು ಆಷಾಢದ ಕರಿಮೋಡದಲ್ಲಿ ಒಂದಕ್ಕೆ ಬಂದು ನಿಲ್ಲುತ್ತದೆ. ಆಗುಂಬೆಯ ಮಳೆಯ ಮಗ್ಗುಲಲ್ಲೇ ಇದ್ದುಕೊಂಡು ಆ ಜೂಜು ಬೇಡ.

ನಿಮ್ಮಂಥವರಿಗೆ ನಾನು ಹೇಳುವುದು ಎರಡು ಬೇರೆ ಬೇರೆ ವ್ಯವಸ್ಥೆ. ಮನೆಯಲ್ಲಿ 150 ಆಂಪಿಯರ್ ಅವರ್ ಬ್ಯಾಟರಿಯ ಯುಪಿಎಸ್ ಇದೆ ಎಂದುಕೊಳ್ಳೋಣ. ಕಾಗದದ ಮೇಲೆ ಅದು 1.8 ಯೂನಿಟ್, ಬ್ಯಾಟರಿ ಬಾಳಬೇಕಾದರೆ ಒಂದು ಯೂನಿಟ್ ಮಾತ್ರ ತೆಗೆಯಬೇಕು. ಲ್ಯಾಪ್‌ಟಾಪ್, ರೂಟರ್, ನಾಲ್ಕು ಎಲ್‌ಇಡಿ ಸೇರಿ 110 ವ್ಯಾಟ್ ಎಂದರೆ ಒಂಬತ್ತು ಗಂಟೆ. ಮೊದಲ ದಿನ ಕಳೆಯುತ್ತದೆ, ಎರಡನೆಯ ದಿನಕ್ಕೆ ಬ್ಯಾಟರಿ ತುಂಬುವವರಿಲ್ಲ. ಅದಕ್ಕಾಗಿ 500 ವ್ಯಾಟಿನ ಎರಡು ಫಲಕಗಳನ್ನು ಲೈನಿಗೆ ಸಂಬಂಧವೇ ಇಲ್ಲದಂತೆ, ಒಳ್ಳೆಯ ಚಾರ್ಜ್ ಕಂಟ್ರೋಲರ್ ಮೂಲಕ ಆ ಬ್ಯಾಟರಿಗೆ ಕೊಡಿ. ಮೋಡದ ದಿನ ಒಂದು ಯೂನಿಟ್ ಬಂದರೂ ಮಗನ ಮರುದಿನದ ಕೆಲಸ ನಡೆಯುತ್ತದೆ. ಲೈನಿಗೆ ಒಂದು ಹನಿ ಕರೆಂಟೂ ಹೋಗದ ಕಾರಣ ನೆಟ್ ಮೀಟರ್ (ಕೊಟ್ಟ, ತೆಗೆದುಕೊಂಡ ಕರೆಂಟು ಎರಡನ್ನೂ ಎಣಿಸುವ ದ್ವಿಮುಖ ಮೀಟರ್), ಒಪ್ಪಂದ ಯಾವುದರ ಗೊಡವೆಯೂ ಇಲ್ಲ. ಮೊಬೈಲ್ ಟವರ್ ತಾನೇ ಸತ್ತು ಮಲಗಿದರೆ ಮಾತ್ರ ನನ್ನ ಬಳಿ ಮದ್ದಿಲ್ಲ.

ಫಲಕಗಳನ್ನು ಆರ್‌ಸಿಸಿ ಮೇಲೇ ಕೂರಿಸಿ, ಹಂಚಿನ ಮಾಡು ಬೇಡ. ರೀಪು, ಪಕಾಸಿ ಎಷ್ಟು ಗಟ್ಟಿ ಎಂದು ಹಂಚು ತೆಗೆಯದೆ ತಿಳಿಯುವುದಿಲ್ಲ, ಮಂಗಗಳು ಕೇಬಲ್ ಎಳೆಯುವುದು ಬೇರೆ. ದಕ್ಷಿಣಕ್ಕೆ ಮುಖ, 15 ಡಿಗ್ರಿಯಷ್ಟು ಇಳಿಜಾರು ಇರಲಿ. ಚಪ್ಪಟೆಯಾಗಿಟ್ಟರೆ ಮಳೆಗಾಲ ಮುಗಿಯುವಷ್ಟರಲ್ಲಿ ಅಂಚಿನಲ್ಲಿ ಹಾವಸೆ ಕಟ್ಟುತ್ತದೆ. ಒಂದು ತೆಂಗಿನ ಗರಿಯ ನೆರಳು ಒಂದೇ ಫಲಕದ ಮೇಲೆ ಬಿದ್ದರೂ ಸರಪಳಿಯಂತೆ ಜೋಡಿಸಿದ ಉಳಿದವೂ ಸೊರಗುತ್ತವೆ.

ಅರ್ತಿಂಗ್ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಮಲೆನಾಡಿನ ಸಿಡಿಲು ಬರುವುದು ಏಪ್ರಿಲ್, ಮೇ ತಿಂಗಳಲ್ಲಿ, ನಮ್ಮ ಜಂಬಿಟ್ಟಿಗೆ ನೆಲ ಇಟ್ಟಿಗೆಯಂತೆ ಒಣಗಿರುವ ಹೊತ್ತಿನಲ್ಲೇ. ಒಣ ಜಂಬಿಟ್ಟಿಗೆಯಲ್ಲಿ ಅರ್ತ್ ಗುಂಡಿ ಹೆಸರಿಗೆ ಮಾತ್ರ ಇರುತ್ತದೆ. ಫಲಕಗಳ ಬದಿಗೆ, ಮನೆಯ ಬದಿಗೆ, ಸಿಡಿಲು ರಕ್ಷಕಕ್ಕೆ ಎಂದು ಮೂರು ಪ್ರತ್ಯೇಕ ಗುಂಡಿ ತೋಡಿಸಿ, ಅಳತೆ ಮಾಡಿ ತೋರಿಸಲು ಹೇಳಿ. ಯುಗಾದಿ ಕಳೆದ ಮೇಲೆ ವಾರಕ್ಕೆರಡು ಸಲ ಗುಂಡಿಗೆ ಒಂದೊಂದು ಕೊಡ ನೀರು ಹಾಕಿ. ಬಚ್ಚಲಿನ ನೀರು ಅತ್ತ ಹರಿಯುವಂತೆ ಮಾಡಿಕೊಂಡ ಜಾಣರೂ ಇದ್ದಾರೆ.

ಒಪ್ಪಂದಕ್ಕೆ ಸಹಿ ಹಾಕುವಾಗ ಒಂದು ಸಾಲನ್ನು ಎರಡು ಸಲ ಓದಿ: ಮಾರ್ಚ್‌ನಲ್ಲಿ ಹೆಚ್ಚಾದ ಯೂನಿಟ್ಟುಗಳು ಜುಲೈಗೆ ಉಳಿಯುತ್ತವೆಯೇ ಅಥವಾ ಆಯಾ ತಿಂಗಳೇ ನಿಗದಿತ ದರದಲ್ಲಿ ಲೆಕ್ಕ ಮುಗಿಯುತ್ತದೆಯೇ ಎಂಬ ಸಾಲು. ದ್ವಿಮುಖ ಮೀಟರ್ ಕೂರುವ ಮೊದಲು 'ಟೆಸ್ಟಿಂಗ್' ಎಂದು ಸೋಲಾರ್ ಚಾಲೂ ಮಾಡಲು ಬಿಡಬೇಡಿ. ಹಳೆಯ ಎಲೆಕ್ಟ್ರಾನಿಕ್ ಮೀಟರ್‌ಗಳಲ್ಲಿ ಕೆಲವು, ನೀವು ಕೊಟ್ಟ ಕರೆಂಟನ್ನೂ ಬಳಸಿದ್ದೆಂದೇ ಎಣಿಸುತ್ತವೆ. ಹೊಸ ಮೀಟರ್ ಬಂದ ಮೇಲೆ ತಿಂಗಳ ಬಿಲ್ಲಿನ ದಿನ ಪರದೆಯಲ್ಲಿ ಒಂದಾದ ಮೇಲೊಂದು ಬರುವ ಸಂಖ್ಯೆಗಳ ಫೋಟೊ ತೆಗೆದಿಡಿ. ಕೊಟ್ಟದ್ದನ್ನು ತೆಗೆದುಕೊಂಡದ್ದರ ಜಾಗದಲ್ಲಿ ಬರೆದುಹೋದ ಬಿಲ್ಲುಗಳನ್ನು ನಾನು ಕಂಡಿದ್ದೇನೆ. ಫೋಟೊ ಇದ್ದವರದು ಹತ್ತು ನಿಮಿಷದಲ್ಲಿ ಸರಿಹೋಯಿತು.